ಎರವಲು ದನಿಯ ಮಳೆಗಾಲ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ತೊಂಬತ್ತೆಂಟರ ಮಳೆಗಾಲದಲ್ಲಿ ಹುಮನಾಬಾದ ಬಸ್ ನಿಲ್ದಾಣದ ಮೈಕಿನಲ್ಲಿ, ನನ್ನದಲ್ಲದ ದನಿಯಲ್ಲಿ, ಕಣ್ಣು ಮಂಜಾದ ಒಬ್ಬ ಮುದುಕಿಯನ್ನು ತುಂಬಿದ ಜನರ ಮುಂದೆ ನಗೆಪಾಟಲು ಮಾಡಿದವನು ನಾನೇ. ಅದೇ ದೊಡ್ಡ ತಪ್ಪಾಗಿದ್ದರೆ ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಆ ದನಿಯ ಒಡೆಯರು ‘ಹೋಗಿ ಆಕೆಗೆ ಹೇಳಿ ಬಾ’ ಎಂದು ಮೂರು ಸಲ ಕಳಿಸಿದರು. ನಾನು ಮೂರು ಸಲವೂ ಹೋಗಲಿಲ್ಲ. ಹೋಗಿದ್ದೆ, ಸಿಗಲಿಲ್ಲ ಎಂದು ಸುಳ್ಳು ಹೇಳಿದೆ. ಸುಳ್ಳನ್ನಾದರೂ ಕೆಟ್ಟದಾಗಿ ಹೇಳಿದ್ದರೆ ಸಿಕ್ಕಿಬೀಳುತ್ತಿದ್ದೆ. ಅದರಲ್ಲಿ ಮಾತ್ರ ನಾನು ಎಂದೂ ಫೇಲಾದವನಲ್ಲ.

ಹೋದ ತಿಂಗಳು ಬಸ್ಸು ಬದಲಿಸಲು ಹುಮನಾಬಾದಿನಲ್ಲಿ ಇಳಿದೆ. ಅದೇ ವಾಸನೆ: ಡೀಸೆಲ್ಲು, ಒದ್ದೆ ಕಂಬಳಿ, ಕಾದ ಎಣ್ಣೆಯಲ್ಲಿ ಮೆಣಸಿನಕಾಯಿ ಭಜಿ. ಗಾಡಿಯ ವೇಳೆ ವಿಚಾರಿಸುವ ಚೌಕಶಿ ಕಿಂಡಿಗೆ ಈಗ ಗಾಜು ಬಂದಿದೆ, ಮಾತು ತೂರಿಸಲು ಗಾಜಿಗೊಂದು ತೂತು. ಒಬ್ಬ ರೈತ ಆ ತೂತಿಗೆ ಬಾಯಿ ಹಚ್ಚಿ ಏನೋ ಕೇಳಿದ. ಒಳಗಿದ್ದ ಹುಡುಗ ತಲೆ ಎತ್ತದೆ ಹೆಬ್ಬೆರಳಿನಿಂದ ಬೋರ್ಡು ತೋರಿಸಿದ. ‘‘ಅಲ್ಲಿ ಬರದದ ನೋಡ್ರಿ.’’

‘‘ಓದಾಕ ಬಂದಿದ್ರ ನಿನಗ ಯಾಕ ಕೇಳ್ತಿದ್ದೆ ತಮ್ಮಾ,’’ ಅಂದ ರೈತ.

ಆ ಹುಡುಗನನ್ನು ಬೈಯುವ ಹಕ್ಕು ನನಗಿಲ್ಲ. ಅದೇ ಕಿಂಡಿಯ ಹಿಂದೆ ಒಂದು ಮಳೆಗಾಲವಿಡೀ ಕೂತವನು ನಾನು. ಆದರೂ ಭಜಿ ತಿನ್ನದೆ, ಬಂದ ಬಸ್ಸನ್ನೂ ಹತ್ತದೆ, ಅರ್ಧ ಗಂಟೆ ಅಲ್ಲೇ ನಿಂತುಬಿಟ್ಟೆ.

ನನ್ನ ಊರು ಬಸವಕಲ್ಯಾಣ. ಬಿ.ಎ. ಎರಡನೇ ವರ್ಷದಲ್ಲಿ ಫೇಲಾಗಿ, ಮನೆಯಲ್ಲಿ ಕೂತು ತಿನ್ನುವುದಕ್ಕೆ ನಾಚಿಕೆ ಬರಬೇಕಾದ ವಯಸ್ಸಿನಲ್ಲಿ ನಾಚಿಕೆ ಬಾರದೆ ಇದ್ದಾಗ, ಅಕ್ಕನ ಗಂಡ ನನ್ನನ್ನು ಹುಮನಾಬಾದ ನಿಲ್ದಾಣದ ತಮ್ಮ ಪೇಪರ್ ಅಂಗಡಿಗೆ ಕೂಡಿಸಿದರು. ದಿನಾ ಬೆಳಗಿನ ಬಸ್ಸಿಗೆ ಹೋಗುವುದು, ಸಂಜೆಯ ಬಸ್ಸಿಗೆ ಮರಳುವುದು. ಅಂಗಡಿ ಅಂದರೆ ಚೌಕಶಿ ಕಿಂಡಿಯ ಪಕ್ಕದ ಗೋಡೆಗೆ ಒರಗಿಸಿದ ಒಂದು ಕಟ್ಟಿಗೆಯ ಪೆಟ್ಟಿಗೆ. ಪೇಪರು ಹೋಗುತ್ತಿದ್ದದ್ದು ಸ್ವಲ್ಪ, ನನ್ನ ನಕಲು ಹೋಗುತ್ತಿದ್ದದ್ದು ಜಾಸ್ತಿ. ಚಹಾದ ಖಾಜಾಮಿಯಾ ಗಿರಾಕಿಗೆ ಗ್ಲಾಸು ಇಡುವಾಗ ಬಿಡುವ ನಿಟ್ಟುಸಿರು, ಚಿಟಗುಪ್ಪಾ ಗಾಡಿಯ ಕಂಡಕ್ಟರನ ಮೂಗಿನ ದನಿ, ಅಂಗಡಿಯ ಒಡೆಯರಾದ ನಮ್ಮ ಭಾವನವರು ಸೀನುವ ಮೊದಲು ಆಕಾಶ ನೋಡುವುದು, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಕೊನೆಗೆ ಫಲಿತಾಂಶದ ಬೋರ್ಡಿನ ಮುಂದೆ ನಿಂತು ತನ್ನ ನಂಬರನ್ನು ಪಾಸಾದವರ ಪಟ್ಟಿಯಲ್ಲಿ ಎರಡು ಸಲ, ಹೆಣ್ಣುಮಕ್ಕಳ ಕಾಲೇಜಿನ ಪಟ್ಟಿಯಲ್ಲಿ ಒಂದು ಸಲ ಹುಡುಕುವ ಬಂಡೆಪ್ಪನನ್ನು ಮಾಡುತ್ತಿದ್ದೆ. ಆ ಬಂಡೆಪ್ಪ ನಾನೇ. ಅದಕ್ಕೇ ಎಲ್ಲಕ್ಕಿಂತ ಹೆಚ್ಚು ನಗು ಬೀಳುತ್ತಿತ್ತು.

ಕಿಂಡಿಯಲ್ಲಿ ಕೂಡುತ್ತಿದ್ದವರು ಮಾಣಿಕಪ್ಪ ಕಾಕಾ. ಹುದ್ದೆಯಿಂದ ಕಂಟ್ರೋಲರು, ಜನರ ಬಾಯಲ್ಲಿ ಮಾಸ್ತರು. ಯಾವ ಸಾಲಿಯಲ್ಲೂ ಕಲಿಸಿದವರಲ್ಲ. ಆದರೆ ಒಂದೇ ಮಾತನ್ನು ದಿನಕ್ಕೆ ಮುನ್ನೂರು ಸಲ ಬೇಸರವಿಲ್ಲದೆ ಹೇಳುವವರನ್ನು ನಮ್ಮ ಜನ ಬೇರೆ ಏನೆಂದು ಕರೆದಾರು. ಸಣ್ಣ ದೇಹ, ತೊಳೆದು ತೊಳೆದು ಬಿಳಿಗಟ್ಟಿದ ಖಾಕಿ. ದನಿ ಮಾತ್ರ ದೊಡ್ಡ ಹಂಡೆಯೊಳಗಿಂದ ಬಂದಂತೆ ದುಂಡಗೆ, ಬೆಚ್ಚಗೆ. ಕನ್ನಡದಲ್ಲಿ ಕೇಳಿದರೆ ಕನ್ನಡ, ದಖ್ಖನಿಯಲ್ಲಿ ಕೇಳಿದರೆ ದಖ್ಖನಿ, ಸೋಲಾಪುರದ ಕಡೆಯವರಿಗೆ ಮರಾಠಿ.

‘‘ಬೀದರ ಗಾಡಿ ಯಾವಾಗದರಿ?’’

‘‘ಹತ್ತೂವರಿಗದರಿ.’’

‘‘ಅದರಕಿಂತ ಮೊದಲಿಲ್ಲೇನು?’’

‘‘ಹತ್ತಕ್ಕೊಂದಿತ್ತರಿ. ಅದು ಹೋತು.’’

‘‘ನನಗ ಅದರಾಗೇ ಹೋಗಬೇಕಾಗಿತ್ತಲ್ಲರಿ.’’

ನಾನಾಗಿದ್ದರೆ ಆ ಮನುಷ್ಯನಿಗೆ ಓಡು ಅನ್ನುತ್ತಿದ್ದೆ. ಕಾಕಾ ಅನ್ನುತ್ತಿದ್ದರು: ‘‘ಅದು ಭಾಳ ಗರ್ದಿ ಇತ್ತರಿ, ನಿಂತೇ ಹೋಗಬೇಕಿತ್ತು. ಹತ್ತೂವರಿದಾಗ ಆರಾಮ ಕುಂತು ಹೋಗ್ರಿ. ಖಿಡಕಿ ಸೀಟ ಸಿಗ್ತದ.’’ ಗಾಡಿ ತಪ್ಪಿಸಿಕೊಂಡವನು ಲಾಭವಾದವನಂತೆ ಹೋಗಿ ಬೆಂಚಿನ ಮೇಲೆ ಕೂಡುತ್ತಿದ್ದ.

ಓದಲು ಬಾರದವರಿಗೆ ಅವರು ಬೋರ್ಡು ತೋರಿಸುತ್ತಿರಲಿಲ್ಲ, ಬಸ್ಸಿನ ಗುರುತು ಹೇಳುತ್ತಿದ್ದರು. ‘‘ಮುಂದ ಗಾಜಿಗೆ ಹಳದಿ ಹೂವಿನ ಹಾರ ಅದ, ಹಿಂದಿನ ಬಾಗಲ ಹತ್ರ ತಗಡಿಗೆ ತಗ್ಗು ಬಿದ್ದದ, ಅದಕ್ಕ ಹತ್ರಿ.’’ ದಿನಾ ಬೆಳಿಗ್ಗೆ ಬಂದ ಗಾಡಿಗಳನ್ನೆಲ್ಲ ಒಂದು ಸುತ್ತು ಹಾಕಿ ಯಾವುದಕ್ಕೆ ಏನು ಗುರುತು ಎಂದು ನೋಡಿಟ್ಟುಕೊಳ್ಳುತ್ತಿದ್ದರು. ಮೈಕಿನಲ್ಲಿ ಗಾಡಿ ಹೊರಡುವುದನ್ನು ಹೇಳಿದ ಮೇಲೆ ತಮ್ಮದೊಂದು ಬಾಲ ಸೇರಿಸುತ್ತಿದ್ದರು: ‘‘ಮನ್ನಾಏಖೇಳ್ಳಿಗೆ ಇಳಿಯೋರು ರಸ್ತಾ ದಾಟುವಾಗ ಎರಡೂ ಕಡೆ ನೋಡ್ರಿ. ಲಾರಿ ಜೋರ ಬರ್ತಾವ.’’ ನನ್ನ ನಕಲಿನಲ್ಲಿ ಈ ಬಾಲ ಬೆಳೆಯುತ್ತ ಹೋಗಿ ‘ಇಳಿದು ಕೈಕಾಲು ತೊಕ್ಕೊಂಡು ಊಟ ಮಾಡ್ರಿ’ ಎನ್ನುವವರೆಗೂ ಹೋಗುತ್ತಿತ್ತು.

ಒಂದು ದಿನ ಹಾಗೆ ಮಾಡುತ್ತಿದ್ದಾಗ ನಗುತ್ತಿದ್ದ ಖಾಜಾಮಿಯಾ ತಟ್ಟನೆ ಚಹಾ ಸೋಸತೊಡಗಿದ. ತಿರುಗಿ ನೋಡಿದರೆ ಕಾಕಾ. ‘‘ಮತ್ತೊಮ್ಮೆ ಮಾಡು,’’ ಅಂದರು. ಮಾಡಿದೆ. ಕಣ್ಣು ಮುಚ್ಚಿ ಕೇಳಿದರು. ‘‘ದನಿ ಬರೋಬ್ಬರಿ ಅದ. ಖರೆ ಚಿಟಗುಪ್ಪಾ ಗಾಡಿ ಹನ್ನೊಂದಕ್ಕಲ್ಲ, ಹನ್ನೊಂದೂ ಕಾಲಕ್ಕ. ನಗಸೂದು ನಗಸು, ಟೈಮ್ ತಪ್ಪ ಹೇಳಬ್ಯಾಡ. ಯಾರರೇ ನಂಬಿ ಕುಂತಾರು.’’

‘‘ಕಾಕಾ, ಕೇಳಿದ್ದೇ ಕೇಳ್ತಾರಲ್ಲ, ನಿಮಗ ಸಿಟ್ಟು ಬರಂಗಿಲ್ಲೇನ್ರಿ?’’

‘‘ಅವರು ಟೈಮ್ ಕೇಳಾಕ ಬರಂಗಿಲ್ಲೋ. ಮನಿ ಬಿಟ್ಟು ಬಂದಿರ್ತಾರ, ಅಂಜಿರ್ತಾರ. ಒಮ್ಮೆ ಹೇಳಿದ್ರ ಟೈಮ್ ತಿಳೀತದ, ಅಂಜಿಕಿ ಹೋಗಂಗಿಲ್ಲ. ಅದಕ್ಕ ಎರಡ ಸಲ ಹೇಳಬೇಕಾಗ್ತದ. ಒಬ್ಬೊಬ್ಬರಿಗೆ ಮೂರು.’’

ಆ ಮೂರರ ಲೆಕ್ಕದವಳೇ ಬಸವಕಲ್ಯಾಣದ ಆಚೆಯ ಕೊಹಿನೂರು ಹಳ್ಳಿಯ ಕಾಶೆಮ್ಮ ಆಯಿ. ಮಗಳನ್ನು ಹಳ್ಳಿಖೇಡ (ಬಿ)ಗೆ ಕೊಟ್ಟಿದ್ದಳು. ಅಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರಿನ ಮೇಲಿದ್ದ. ಸೋಮವಾರಕ್ಕೊಮ್ಮೆ ಬೆಳಿಗ್ಗೆ ರೊಟ್ಟಿಯ ಗಂಟು ಕಟ್ಟಿಕೊಂಡು ಹುಮನಾಬಾದಿಗೆ ಬಂದು, ಹಳ್ಳಿಖೇಡದ ಗಾಡಿ ಹಿಡಿದು ಮಗಳ ಮುಖ ನೋಡಿ, ಮಧ್ಯಾಹ್ನ ಮರಳಿ ಬಂದು ಕೊಹಿನೂರಿನ ಗಾಡಿಗೆ ಕಾಯುತ್ತಿದ್ದಳು. ಆ ಗಾಡಿ ದಿನಕ್ಕೊಂದೇ, ನಾಲ್ಕಕ್ಕೆ. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಸ್ಸು ಅವಳಿಗೆ ಒಂದು ಕೆಂಪು ಗೋಡೆ, ಅಷ್ಟೇ. ಕಾಕಾ ಅವಳಿಗೆ ಹಾರ್ನಿನ ಗುರುತು ಹೇಳಿಕೊಟ್ಟಿದ್ದರು: ‘‘ಎರಡ ಸಲ ಕೆಮ್ಮಿದಂಗ ಹೊಡೀತದ ಆಯಿ, ಅದೇ ನಿಮ್ಮೂರದು.’’ ಅವಳು ಕಾಕಾನ ಮುಖವನ್ನು ಎಂದೂ ಸರಿಯಾಗಿ ಕಂಡವಳಲ್ಲ. ಎಷ್ಟೋ ವರ್ಷಗಳಿಂದ ಆ ದನಿ ಹಿಡಿದುಕೊಂಡೇ ಹೋಗಿ ಬರುತ್ತಿದ್ದಳು.

ಆ ದನಿ ಬೇಸಿಗೆಯಲ್ಲಿ ಒಡೆಯತೊಡಗಿತು. ಮೊದಲು ಧೂಳೆಂದರು, ಆಮೇಲೆ ಐಸಿನ ನೀರೆಂದರು. ಕಾಕಾ ಜ್ಯೇಷ್ಠಮಧು ಜಗಿದರು, ಅರಿಶಿನದ ಹಾಲು ಕುಡಿದರು. ಮೇ ಮುಗಿಯುವಾಗ ಮಾತೆಂದರೆ ಬರೀ ಗಾಳಿ. ಸೋಲಾಪುರದ ಡಾಕ್ಟರು ಗಂಟಲಲ್ಲಿ ಗಂಟಿದೆ ಎಂದರು, ಯಾವ ಗಂಟು ಎಂದು ಕಾಕಾನ ಹೆಂಡತಿಗೆ ಮಾತ್ರ ಹೊರಗೆ ಕರೆದು ಹೇಳಿದರು. ನೌಕರಿ ಇನ್ನು ಆರು ತಿಂಗಳಿತ್ತು. ದನಿ ಹೋಗಿದೆ ಎಂದು ಮೇಲಿನವರಿಗೆ ಗೊತ್ತಾದರೆ ಡಿಪೋದಲ್ಲಿ ಯಾವುದೋ ರಜಿಸ್ಟರಿನ ಮುಂದೆ ಕೂಡಿಸುವವರು. ಕಾಕಾನಿಗೆ ಕಿಂಡಿಯಲ್ಲೇ ಮುಗಿಸುವ ಆಸೆ.

ಮೃಗಶಿರದ, ನಮ್ಮವರ ಬಾಯಲ್ಲಿ ಮಿರಗದ, ಮಳೆಯ ಮೊದಲ ಹನಿ ಬಿದ್ದ ದಿನ, ಮಕ್ಕಳು ಬರೆಯುವ ಒಂದು ಪಾಟಿ ಹಿಡಿದು ನನ್ನ ಪೆಟ್ಟಿಗೆಯ ಮುಂದೆ ನಿಂತರು. ಪಾಟಿಯ ಮೇಲೆ ಬಳಪದಿಂದ ಬರೆದಿತ್ತು: ‘ನನ್ನ ದನ್ಯಾಗ ಹೇಳ್ತಿಯೇನು?’

ಹಲ್ಲು ಕಿರಿದು ಒಪ್ಪಿದೆ. ಕರುಣೆಯಿಂದ ಅಂತ ಈಗ ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ. ನಿಜ ಹೇಳಬೇಕೆಂದರೆ ಮೈಕು ಸಿಕ್ಕಿತಲ್ಲ ಎಂಬ ಖುಷಿಗೆ. ಅಲ್ಲಿಯವರೆಗೆ ಹತ್ತು ಜನ ನಗುತ್ತಿದ್ದರು, ಇನ್ನು ಇಡೀ ನಿಲ್ದಾಣ.

ಕಾಕಾ ನನ್ನ ಹಿಂದೆ ಸ್ಟೂಲಿನ ಮೇಲೆ ಕೂಡುತ್ತಿದ್ದರು. ವೇಳಾಪಟ್ಟಿಯ ಮೇಲೆ ಬೆರಳಿಡುತ್ತಿದ್ದರು, ನಾನು ಅವರ ದನಿಯಲ್ಲಿ ಮೈಕಿಗೆ ಹೇಳುತ್ತಿದ್ದೆ. ಕಿಂಡಿಗೆ ಬಂದವರಿಗೂ ನಾನೇ ಹೇಳುತ್ತಿದ್ದೆ. ಕಿಂಡಿಗೆ ಸಣ್ಣ ಸರಳುಗಳು, ಒಳಗೆ ಕತ್ತಲೆ, ಹೊರಗಿನವರಿಗೆ ಮುಖ ಕಾಣುತ್ತಿರಲಿಲ್ಲ. ಯಾರೂ ಅನುಮಾನಪಡಲಿಲ್ಲ. ಚಿಟಗುಪ್ಪಾ ಕಂಡಕ್ಟರ್ ಬಂದು ‘‘ಮಾಸ್ತರ ಗಂಟಲ ಸುಧಾರಿಸೇತಿ ನೋಡ್ರಿ’’ ಅಂದ. ಕಾಕಾ ಹಿಂದಿನಿಂದ ನನ್ನ ಬೆನ್ನು ತಟ್ಟಿದರು. ಆ ತಟ್ಟು ನೆನಪಾದರೆ ಈಗಲೂ ಬೆನ್ನು ಬಗ್ಗುತ್ತದೆ.

ದನಿ ತೆಗೆಯುವುದು ಸುಲಭವಿತ್ತು, ಕೂಡುವುದು ಕಷ್ಟವಿತ್ತು. ಮೊದಲ ವಾರವೇ ನನಗೆ ಜನ ಸಾಕಾದರು. ಮಳೆಗೆ ನಿಲ್ದಾಣ ತುಂಬುತ್ತಿತ್ತು, ತಗಡಿನ ಮೇಲೆ ಸದ್ದು, ತೊಯ್ದ ಚೀಲ, ಅಳುವ ಕೂಸು, ಹೇಳಿದ್ದು ಕೇಳಿಸಲಿಲ್ಲ ಎಂದು ಮತ್ತೆ ಬರುವವರು. ನಾನು ಸಿಡುಕಿದಾಗಲೆಲ್ಲ ಕಾಕಾ ಹಿಂದಿನಿಂದ ಪಾಟಿಯ ಅಂಚಿನಿಂದ ಮೆಲ್ಲಗೆ ತಿವಿಯುತ್ತಿದ್ದರು. ತಿವಿಸಿಕೊಂಡು ತಿವಿಸಿಕೊಂಡು ಎರಡು ತಿಂಗಳು ಸಭ್ಯನಾಗಿದ್ದೆ.

ಶ್ರಾವಣದ ಒಂದು ಸೋಮವಾರ. ಬೆಳಗಿನಿಂದ ಸುರಿದ ಮಳೆಗೆ ಗಾಡಿಗಳೆಲ್ಲ ತಡ. ಕಾಶೆಮ್ಮ ಆಯಿ ಹಳ್ಳಿಖೇಡದಿಂದ ಮರಳಿ ಬಂದು ಬೆಂಚಿನ ತುದಿಗೆ ಕೂತಿದ್ದಳು. ಎರಡು ಸಲ ಬಂದು ಕೇಳಿ ಹೋಗಿದ್ದಳು. ನಾಲ್ಕೂಕಾಲಿಗೆ ಕಾಕಾ ಬಿಸಿನೀರು ಕುಡಿದು ಬರಲು ಖಾಜಾಮಿಯಾನ ಹತ್ತಿರ ಹೋದರು. ಬೆನ್ನ ಹಿಂದೆ ಪಾಟಿ ಇರಲಿಲ್ಲ. ಆಗಲೇ ಆಯಿ ಮೂರನೇ ಸಲ ಬಂದು ಕಿಂಡಿಯ ಕಟ್ಟೆಗೆ ಕೈಯಿಟ್ಟಳು. ‘‘ಯಪ್ಪಾ, ನಮ್ಮ...’’ ಅಂದಳು.

ಮೈಕಿನ ಗುಂಡಿ ಒತ್ತಿದೆ. ಕಾಕಾನ ದನಿ, ದುಂಡಗೆ, ಬೆಚ್ಚಗೆ, ತಗಡಿನ ಮೇಲಿನ ಮಳೆಯನ್ನೂ ಮೀರಿ ಹೋಯಿತು:

‘‘ಕೊಹಿನೂರಿನ ಕಾಶೆಮ್ಮನವರು ಲಕ್ಷ್ಯ ಕೊಟ್ಟು ಕೇಳ್ರಿ. ನಿಮ್ಮ ಗಾಡಿ ರಸ್ತಾದಾಗ ಅದ. ನಿಮ್ಮ ಅಂಗಳದಾಗೇ ಇಳಸಂತ ಡ್ರೈವರಗ ಹೇಳೀವಿ. ಅಲ್ಲಿ ತನಾ ಬಾಯಿಗೊಂದು ಕೀಲಿ ಹಾಕ್ಕೊಂಡು ಕೂಡ್ರಿ.’’

ನಿಲ್ದಾಣ ನಕ್ಕಿತು. ತೊಯ್ದು ಬೇಸತ್ತ ಜನಕ್ಕೆ ನಗಲು ಏನಾದರೂ ಬೇಕಿತ್ತು. ಆಯಿ ಕಟ್ಟೆಯ ಮೇಲಿನ ಕೈ ತೆಗೆದಳು. ಸೆರಗು ಹೊದ್ದುಕೊಂಡಳು. ಜನ ಅವಳಿಗೆ ದಾರಿ ಬಿಟ್ಟರು, ನಗುತ್ತಲೇ.

ಚಹಾದಂಗಡಿಯಿಂದ ಕಾಕಾ ಓಡಿ ಬಂದರು. ಅವರು ಓಡಿದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಬಾಗಿಲಲ್ಲಿ ನಿಂತು ಜನರ ಕಡೆ ತಿರುಗಿ ಬಾಯಿ ತೆರೆದರು. ಕೊರಳ ನರ ಉಬ್ಬಿತು, ದನಿ ಬರಲಿಲ್ಲ. ಮತ್ತೆ ತೆರೆದರು. ನಗು ಇನ್ನೂ ನಡೆದಿತ್ತು, ಯಾರೂ ಈ ಕಡೆ ನೋಡಲಿಲ್ಲ. ಅವರ ದನಿ ಆಗಷ್ಟೇ ಊರಿಗೆಲ್ಲ ಕೇಳುವಂತೆ ಮಾತಾಡಿ ಮುಗಿಸಿತ್ತಲ್ಲ.

ಕೊಹಿನೂರಿನ ಗಾಡಿ ಹತ್ತು ನಿಮಿಷಕ್ಕೆ ಬಂತು, ಎರಡು ಸಲ ಕೆಮ್ಮಿತು. ಬೆಂಚಿನ ತುದಿ ಖಾಲಿಯಿತ್ತು. ಕಾಕಾ ಮಳೆಯಲ್ಲಿ ಗಾಡಿಯ ಸುತ್ತ ತಿರುಗಿದರು, ಒಳಗೆ ಹತ್ತಿ ಒಂದೊಂದು ಸೀಟು ನೋಡಿದರು, ಹೊರಗೆ ಹೆದ್ದಾರಿಯವರೆಗೂ ಹೋಗಿ ಬಂದರು. ಆಯಿ ಇರಲಿಲ್ಲ. ತೊಯ್ದ ಕೈಯಿಂದ ಬರೆದದ್ದಕ್ಕೆ ಪಾಟಿಯ ಮೇಲೆ ಅಕ್ಷರ ಹಿಡಿಯಲಿಲ್ಲ. ಅಂಗಿಯಿಂದ ಒರೆಸಿ ಮತ್ತೆ ಬರೆದರು: ‘ಮನಿ ಹ್ಯಾಂಗ ಮುಟ್ಟತಾಳ?’

ನನಗೆ ಬೈಯಲಿಲ್ಲ. ಬೈಯಲು ದನಿ ಬೇಕಾಗಿರಲಿಲ್ಲ, ಪಾಟಿಯೇ ಸಾಕಿತ್ತು. ಆ ಸಂಜೆ ನಾನು ಊರ ಗಾಡಿ ಹತ್ತುವಾಗ ಎರಡನೇ ಸಲ ಬರೆದು ತೋರಿಸಿದರು: ‘ನಾಳೆ ಕೊಹಿನೂರಿಗೆ ಹೋಗು. ಮುಟ್ಟ್ಯಾಳೇನು ನೋಡಿ ಬಾ. ಅಂದದ್ದು ನಾ ಅಲ್ಲ ಅಂತ ಹೇಳಿ ಬಾ.’

ಕೊಹಿನೂರಿನ ದಾರಿ ನಮ್ಮ ಕಲ್ಯಾಣದ ಮೇಲೆಯೇ, ಅಲ್ಲಿಂದಲೂ ಗಾಡಿ ಇತ್ತು. ನಮ್ಮ ಮನೆಯಿಂದ ನಿಲ್ದಾಣಕ್ಕೆ ನಡೆದರೆ ಒಂದು ಬೀಡಿ ಮುಗಿಯುವುದಿಲ್ಲ. ಮರುದಿನ ಅಲ್ಲಿಯವರೆಗೆ ಹೋದೆ ಕೂಡ. ಕೊಹಿನೂರಿನ ಗಾಡಿ ನಿಂತಿತ್ತು. ಆ ಮುದುಕಿಯ ಮುಂದೆ ನಿಂತು ನನ್ನ ಸ್ವಂತ ದನಿಯಲ್ಲಿ ಏನು ಹೇಳುವುದೆಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಗಾಡಿ ಹೋಯಿತು. ನಾನು ಮಧ್ಯಾಹ್ನದ ಸಿನಿಮಾಕ್ಕೆ ಹೋದೆ.

‘‘ಊರಾಗಿಲ್ಲ ಕಾಕಾ. ಮನಿಗೆ ಕೀಲಿ ಅದ,’’ ಅಂದೆ ಮರುದಿನ. ‘‘ಬಾಜೂ ಮನ್ಯಾಕಿ ಹೇಳಿದ್ಳು, ಆರಾಮ ಅದಾಳ ಅಂತ, ಬೀಗರ ಊರಿಗೆ ಹೋಗ್ಯಾಳ ಅಂತ.’’ ಅಷ್ಟಕ್ಕೆ ಬಿಡಲಿಲ್ಲ. ಇಲ್ಲದ ಆ ಬಾಜೂ ಮನೆಯವಳಿಗೆ ಒಂದು ದನಿ ಕೊಟ್ಟೆ: ಬಾಯಲ್ಲಿ ಎಲೆ ಅಡಿಕೆ, ಮಾತಿಗೊಮ್ಮೆ ‘‘ನನಗೇನ ಗೊತ್ತವ್ವ’’ ಎನ್ನುವ ಹೆಂಗಸು. ಕಾಕಾ ಸದ್ದಿಲ್ಲದೆ ನಕ್ಕರು. ಅವರಿಗೆ ಸಮಾಧಾನವಾಯಿತು ಎಂದುಕೊಂಡೆ. ನನಗಂತೂ ಆಯಿತು.

ಅಂದಿನಿಂದ ತಮ್ಮ ದನಿಯನ್ನು ನನಗೆ ಕೊಡಲಿಲ್ಲ. ‘ಇನ್ನ ನಿನ್ನ ದನ್ಯಾಗ ಹೇಳು,’ ಎಂದು ಬರೆದರು. ಹೇಳಿದೆ. ನನ್ನ ದನಿ ಮೈಕಿನಲ್ಲಿ ಹಸಿದ ಮೇಕೆಯ ಕೂಗಿನಂತೆ ಕೇಳಿತು. ಜನ ಬಂದು ‘‘ಮೈಕ್ ಕೆಟ್ಟದೇನ್ರಿ?’’ ಅಂದರು. ಎರಡು ದಿನಕ್ಕೆ ಮೇಲಿನ ಸಾಹೇಬರು ಬಂದು, ನನ್ನನ್ನು, ಕಾಕಾನನ್ನು, ಪಾಟಿಯನ್ನು ಒಂದೊಂದಾಗಿ ನೋಡಿದರು. ‘‘ಎಷ್ಟು ದಿನ ಉಳಿದಾವ್ರಿ ಮಾಣಿಕಪ್ಪನವರ?’’ ಎಂದು ಕೇಳಿ, ಕಾಕಾ ಮೂರು ಬೆರಳು ಎತ್ತಿದ್ದನ್ನು ನೋಡಿ, ‘‘ಮೂರೇ ತಿಂಗಳು, ನಡೀಲಿ’’ ಅಂದು ಹೊರಟುಹೋದರು. ಯಾವುದಕ್ಕೆ ಹೆದರಿ ನನ್ನ ನಕಲು ಬೇಕಾಗಿತ್ತೋ ಅದು ಇಷ್ಟು ಸಣ್ಣದಿತ್ತು.

ಮುಂದಿನ ಸೋಮವಾರ ಕಾಶೆಮ್ಮ ಬರಲಿಲ್ಲ. ಅದರ ಮುಂದಿನ ಸೋಮವಾರವೂ ಇಲ್ಲ. ಸೋಮವಾರ ಬಂತೆಂದರೆ ಕಾಕಾ ಕಿಂಡಿ ಬಿಟ್ಟು ಹೊರಗೆ ಬೆಂಚಿನ ಹತ್ತಿರ ನಿಲ್ಲುತ್ತಿದ್ದರು. ಕೊಹಿನೂರಿನ ಗಾಡಿ ಬಂದರೆ ಇಳಿದವರನ್ನೆಲ್ಲ ನೋಡುತ್ತಿದ್ದರು. ಕಂಡಕ್ಟರನಿಗೆ ಪಾಟಿ ತೋರಿಸಿದರೆ ಅವನು ಹೊಸಬ, ‘‘ಅಂಥ ಆಯಿ ಭಾಳ ಮಂದಿ ಹತ್ತತಾರ್ರಿ’’ ಅಂದ. ದಸರೆ ಮುಗಿದ ಮೇಲೆ ಮತ್ತೆ ನನ್ನನ್ನು ಕಳಿಸಿದರು. ಈ ಸಲ ನಿಲ್ದಾಣದವರೆಗೂ ಹೋಗಲಿಲ್ಲ. ಬಾಜೂ ಮನೆಯವಳ ಮಾತು ತಂದೆ, ಜೊತೆಗೆ ಅವಳ ಗಂಡನ ಗೊರಕೆಯನ್ನೂ ತಂದೆ. ಕಾಕಾ ಈ ಸಲ ನಗಲಿಲ್ಲ. ‘ಸಿಟ್ಟಾಗ್ಯಾಳ,’ ಎಂದು ಬರೆದರು. ‘ಅದಕ್ಕ ಮನ್ಯಾಗಿದ್ರೂ ಇಲ್ಲ ಅನಸ್ಯಾಳ.’ ನನ್ನ ಸುಳ್ಳು ನನ್ನ ಕೈ ಮೀರಿ ಹೋಗಿತ್ತು. ಅಲ್ಲ ಕಾಕಾ ಅನ್ನಬೇಕೆಂದರೆ ಎಲ್ಲವನ್ನೂ ಹೇಳಬೇಕಾಗಿತ್ತು.

ನವೆಂಬರದಲ್ಲಿ ನಿವೃತ್ತಿ. ಶಾಲು, ಹಾರ, ಶೇವು, ಜಿಲೇಬಿ. ‘‘ಎರಡ ಮಾತು ಹೇಳ್ರಿ ಮಾಸ್ತರ,’’ ಎಂದು ಯಾರೋ ಅಭ್ಯಾಸದಿಂದ ಅಂದು ನಾಲಿಗೆ ಕಚ್ಚಿಕೊಂಡರು. ಕಾಕಾ ಎದ್ದು ನಿಂತು ನಾಲ್ಕೂ ಕಡೆ ಕೈಮುಗಿದು ಕೂತರು. ಆಮೇಲೂ ಸೋಮವಾರ ಬರುತ್ತಿದ್ದರು, ಖಾಕಿ ಇಲ್ಲದೆ, ಕೊರಳಿಗೆ ಮಫ್ಲರ್ ಸುತ್ತಿ. ಡಿಸೆಂಬರಿನ ಕೊನೆಯಲ್ಲಿ ಅದೂ ನಿಂತಿತು. ನೋಡಲು ಮನೆಗೆ ಹೋದೆ. ನೀರೂ ಇಳಿಯುತ್ತಿರಲಿಲ್ಲ. ಪಾಟಿ ಎತ್ತಲು ಆಗದೆ ಹಾಸಿಗೆಯ ಮೇಲೆ ಬೆರಳಿನಿಂದ ಬರೆದರು. ಹೆಂಡತಿ ಓದಿ ಹೇಳಿದರು: ‘‘ಕೊಹಿನೂರಿಗೆ ಹೋಗಿ ಬಾ ಅಂತಾರ. ಯಾರಪ್ಪ ಅಲ್ಲಿ?’’

‘‘ನಾಳೆ ಹೋಗ್ತೀನಿ ಕಾಕಾ,’’ ಅಂದೆ. ಮೂರು ದಿನ ಬಿಟ್ಟು ಮತ್ತೆ ಹೋಗಿ, ‘‘ಹೋಗಿದ್ದೆ ಕಾಕಾ, ಸಿಗಲಿಲ್ಲ,’’ ಅಂದೆ. ಈ ಸಲ ಯಾರ ದನಿಯನ್ನೂ ಮಾಡಲಿಲ್ಲ. ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಸಂಕ್ರಾಂತಿ ಮುಗಿದ ನಾಲ್ಕನೇ ದಿನ ತೀರಿಕೊಂಡರು.

ಮೂರನೇ ದಿನದ ಕಾರ್ಯ ಮುಗಿದು ಜನ ಚದುರಿದ ಮೇಲೆ ಕಾಕಾನ ಹೆಂಡತಿ ನನ್ನನ್ನು ಅಂಗಳದ ಮೂಲೆಗೆ ಕರೆದರು.

‘‘ಎಂಟ ತಿಂಗಳಾತು ಬಂಡೆಪ್ಪ, ಅವರ ದನಿ ಕೇಳಿ. ನೀ ತಗೀತಿಯಂತಲ್ಲ. ಒಮ್ಮೆ ಮಾತಾಡು.’’

‘‘ಏನಂತ ಮಾತಾಡ್ಲಿ ಕಾಕೂ?’’

‘‘ಏನರೇ.’’

ಮನೆಯಲ್ಲಿ ಕಾಕಾ ಹೇಗೆ ಮಾತಾಡುತ್ತಿದ್ದರೋ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಗಾಡಿಗಳು ಮಾತ್ರ. ಕಣ್ಣು ಮುಚ್ಚಿಕೊಂಡು ಹೇಳಿದೆ: ‘‘ಮನ್ನಾಏಖೇಳ್ಳಿಗೆ ಇಳಿಯೋರು ರಸ್ತಾ ದಾಟುವಾಗ ಎರಡೂ ಕಡೆ ನೋಡ್ರಿ. ಲಾರಿ ಜೋರ ಬರ್ತಾವ.’’ ಕಣ್ಣು ತೆರೆದಾಗ ಕಾಕೂ ಕಂಬಕ್ಕೆ ಒರಗಿ ಕೂತುಬಿಟ್ಟಿದ್ದರು. ಒಳಗಿದ್ದವರು ಬಾಗಿಲಿಗೆ ಬಂದು ನಿಂತಿದ್ದರು. ‘‘ಸಾಕಪ್ಪ,’’ ಅಂದರು ಕಾಕೂ. ನನ್ನ ಜನ್ಮದಲ್ಲಿ ಯಾರೂ ನಗದೆ ಕೇಳಿದ ನಕಲು ಅದೊಂದೇ.

ಮರುದಿನ ಕೊಹಿನೂರಿನ ಗಾಡಿ ಹತ್ತಿದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕೀಲಿಯೂ ಇರಲಿಲ್ಲ, ಎಲೆ ಅಡಿಕೆಯ ಬಾಜೂ ಮನೆಯವಳೂ ಇರಲಿಲ್ಲ, ಬಾಜೂ ಮನೆಯೇ ಇರಲಿಲ್ಲ. ಅಲ್ಲಿ ಬಣವೆ ಇತ್ತು. ಕಾಶೆಮ್ಮ ಆಯಿ ಅಂಗಳದ ಬಿಸಿಲಲ್ಲಿ ಕೂತು ಒಣಗಿದ ತೊಗರಿ ಕಾಯಿಗಳನ್ನು ಸಣ್ಣ ಬಡಿಗೆಯಿಂದ ಬಡಿಯುತ್ತಿದ್ದಳು. ಹೆಜ್ಜೆಯ ಸದ್ದಿಗೆ ಬಡಿಯುವುದನ್ನು ನಿಲ್ಲಿಸಿದಳು.

‘‘ಯಾರು?’’

‘‘ಹುಮನಾಬಾದ ಬಸ್ ಸ್ಟ್ಯಾಂಡಿಂದ ಬಂದೀನಿ ಆಯಿ.’’

‘‘ಮಾಸ್ತರು ಕಳಿಸ್ಯಾರೇನು? ಆರಾಮ ಅದಾರಾ?’’

ಹೇಳಿದೆ. ಅವಳು ಬಡಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡಳು. ತೊಗರಿಯ ಸಿಪ್ಪೆಯನ್ನು ಕೈಯಿಂದ ಒಂದು ಕಡೆ ಸರಿಸಿದಳು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು, ‘‘ನನಗ ಯಾರೂ ಹೇಳ್ಲೇ ಇಲ್ಲ. ಹುಮನಾಬಾದಕ ನಾ ಈಗ ಬರಂಗೂ ಇಲ್ಲ. ಅಳಿಯ ಶ್ರಾವಣದಾಗೇ ಹಳ್ಳಿಖೇಡ ಬಿಟ್ಟು ಕಲ್ಯಾಣದಾಗ ಗ್ಯಾರೇಜಿಗೆ ಸೇರ್‍ಯಾನ. ಮಗಳು ಅಲ್ಲೇ ಅದಾಳ. ಸೋಮಾರಕ್ಕೊಮ್ಮೆ ಅಲ್ಲಿಗೇ ಹೋಗ್ತೀನಿ,’’ ಅಂದಳು.

ಯಾವ ಓಣಿ ಎಂದು ಕೇಳಿದೆ. ಹೇಳಿದಳು. ನಮ್ಮ ಓಣಿಯ ಹಿಂದಿನ ಓಣಿ. ಕಾಕಾ ಬೆಂಚಿನ ಹತ್ತಿರ ನಿಂತು ಕಾದ ಎಲ್ಲ ಸೋಮವಾರಗಳಲ್ಲಿ ಆಕೆ ನಮ್ಮ ಮನೆಯ ಹಿತ್ತಿಲಿನ ಆಚೆ ರೊಟ್ಟಿಯ ಗಂಟು ಬಿಚ್ಚುತ್ತಿದ್ದಳು.

‘‘ಆಯಿ, ಶ್ರಾವಣದಾಗ ಮೈಕಿನ್ಯಾಗ ನಿಮಗ ಒಂದು ಮಾತು ಬಂತಲ್ಲ. ಬಾಯಿಗೆ ಕೀಲಿ ಹಾಕ್ಕೋರಿ ಅಂತ.’’

‘‘ಹೌದು, ಬಂತು.’’

‘‘ಅದು ಮಾಸ್ತರಂದಿದ್ದಲ್ಲ. ಅವರ ಗಂಟಲ ಹೋಗಿತ್ತು. ನಾ ಅಂದದ್ದು. ಅವರು ನಿಮ್ಮ ಹುಡುಕಿಕೊಂಡು ಮಳಿಯಾಗ ರಸ್ತಾ ತನಾ ಹೋಗಿದ್ರು. ಸಾಯೂ ತನಾ ನಿಮಗ ಹೇಳಿ ಬಾ ಅಂತ ಕಳಸ್ತಿದ್ರು. ನಾ ಬರಲಿಲ್ಲ.’’

ಆಯಿ ಕೈಗೆ ಸಿಕ್ಕ ಒಂದು ತೊಗರಿ ಕಾಯಿಯನ್ನು ಸುಲಿದಳು. ಅವಳು ಬೈದರೆ ಹೇಗೆ ನಿಲ್ಲಬೇಕು, ಹೊಡೆದರೆ ಹೇಗೆ ನಿಲ್ಲಬೇಕು ಎಂದು ಗಾಡಿಯಲ್ಲಿ ಯೋಚಿಸಿಕೊಂಡು ಬಂದಿದ್ದೆ. ಕಾಯಿ ಸುಲಿದರೆ ಹೇಗೆ ನಿಲ್ಲಬೇಕೆಂದು ಯೋಚಿಸಿರಲಿಲ್ಲ.

‘‘ಅವತ್ತ ಮನಿ ಹ್ಯಾಂಗ ಮುಟ್ಟಿದ್ರಿ ಆಯಿ? ಅದನ್ನ ಭಾಳ ಕೇಳ್ತಿದ್ರು.’’

‘‘ಕಲ್ಯಾಣ ಕಲ್ಯಾಣ ಅಂತ ಕಂಡಕ್ಟರ ಕೂಗ್ತಿದ್ದ, ಹತ್ತಿದೆ. ಅಲ್ಲಿಂದ ಟೆಂಪೋ ಸಿಕ್ತು. ಕಿಂಡ್ಯಾಗ ಕೇಳಿ ಉಪಯೋಗಿಲ್ಲ ಅಂತ ಅನಿಸ್ತು.’’

ಕಾಕಾ ಹೆದರಿದ್ದು ಇದಕ್ಕೇ, ಎಷ್ಟೋ ವರ್ಷ ಹಿಡಿದುಕೊಂಡು ಬಂದ ದನಿಯನ್ನು ಅವಳು ಒಂದೇ ಕ್ಷಣದಲ್ಲಿ ಬಿಟ್ಟುಕೊಟ್ಟಿದ್ದಳು ಎಂದುಕೊಂಡೆ. ಏನು ಮಾಡಿದರೆ ಅದನ್ನು ಅವಳಿಗೆ ಮರಳಿ ಕೊಡಬಹುದೆಂದು ತಿಳಿಯದೆ, ನನಗೆ ಬರುವುದು ಒಂದೇ ಆದ್ದರಿಂದ, ಅದನ್ನೇ ಕೇಳಿದೆ.

‘‘ಅವರ ದನ್ಯಾಗ ನಿಮಗ ಒಮ್ಮೆ ತಪ್ಪಾತು ಅಂತ ಕೇಳ್ಲೇನು ಆಯಿ? ಅವರು ಇದ್ದಿದ್ರ ಹ್ಯಾಂಗ ಕೇಳ್ತಿದ್ರೋ ಹಂಗ.’’

ಕಾಶೆಮ್ಮ ಆಯಿ ಮಡಿಲಿನ ಬಡಿಗೆಯನ್ನು ಕೈಗೆ ತೆಗೆದುಕೊಂಡಳು. ತೊಗರಿಯನ್ನು ಗುಡ್ಡೆ ಮಾಡಿಕೊಂಡು, ನನ್ನ ಕಡೆ ಆ ಬಿಳಿ ಕಣ್ಣುಗಳನ್ನು ತಿರುಗಿಸಿ ಹೇಳಿದಳು:

‘‘ಬ್ಯಾಡ. ದನಿ ನೀ ಬರೋಬ್ಬರಿ ತಗೀತಿದ್ದಿ. ಖರೆ ಕಿಂಡ್ಯಾಗ ಅವರಿಲ್ಲ, ಬ್ಯಾರೆ ಯಾರೋ ಕುಂತಾರ ಅಂತ ನನಗ ಮಿರಗದ ಮಳೀಗೇ ಗೊತ್ತಾಗಿತ್ತು. ಮಾಸ್ತರು ನಾ ಕೇಳಿ ಮುಗಿಸೂ ತನಾ ಸುಮ್ಮ ಇರ್ತಿದ್ರು. ನಿನಗ ಮೊದಲ್ನೇ ದಿನಾನೂ ಅಷ್ಟು ತಡೀಲಿಲ್ಲ.’’